ತುಪ್ಪ ಬೇರೆ ಬಟ್ಟಲಲ್ಲಿ

ಬೆಂಗಳೂರಿನ ಹೋಟೆಲುಗಳ ಹಲಗೆಗಳ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂಬ ಮಾತಿಗೆ ಬರವಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಂಥ ಹತ್ತು ಹಲಗೆಗಳನ್ನು ಓದಬಹುದು. ಒಳಗೆ ಹೋಗಿ ಕುಳಿತರೆ ಇಡ್ಲಿಯ ಮೇಲೆ ತುಪ್ಪ, ದೋಸೆಯ ಮೇಲೆ ಬೆಣ್ಣೆ, ಊಟದ ಕೊನೆಗೆ ಮೊಸರು, ಎಲ್ಲ ಮುಗಿದ ಮೇಲೆ ಕಾಫಿ. ಇವೆಲ್ಲ ಯಾವ ಗಿಡದಲ್ಲಿ ಬಿಡುತ್ತವೆ ಎಂದು ಯಾರೂ ಕೇಳುವುದಿಲ್ಲ. ಕೇಳಿದವರನ್ನು ತಲೆಹರಟೆ ಎಂದುಕೊಳ್ಳುತ್ತಾರೆ.

ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು 1944ರಲ್ಲಿ ‘ವೀಗನ್’ ಎಂದು ಹೆಸರಿಟ್ಟರು. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಅವರಿಗೆ ಆಗದು; ಜೇನೂ ಬೇಡ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ಪದ ನಿಂತಿಲ್ಲ. ಪದ ಇಲ್ಲದಿದ್ದರೂ ಹಾಲು ಬಿಡುವ ಅಭ್ಯಾಸ ಇಲ್ಲಿಗೆ ಪೂರ್ತಿ ಹೊಸದಲ್ಲ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ಒಂದು ತಿಂಗಳು ದಧಿವ್ರತ, ಆಗ ಮೊಸರು ವರ್ಜ್ಯ. ಮುಂದಿನ ತಿಂಗಳು ಕ್ಷೀರವ್ರತ, ಆಗ ಹಾಲು ವರ್ಜ್ಯ. ದೇವರ ಹೆಸರಿನಲ್ಲಿ ಒಂದು ತಿಂಗಳು ಬಿಟ್ಟರೆ ವ್ರತ ಎನ್ನುತ್ತಾರೆ. ಕರುವಿನ ಹೆಸರಿನಲ್ಲಿ ಹನ್ನೆರಡು ತಿಂಗಳೂ ಬಿಟ್ಟರೆ ಮಾತ್ರ ಮನೆಯವರಿಗೆ ಗಾಬರಿಯಾಗುತ್ತದೆ.

ಅಂಥ ಗಾಬರಿ ಪುರವರದ ಕಡೆಯ ಒಂದು ಮನೆಯಲ್ಲಿ ಆಯಿತು. ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ಮಳೆಯನ್ನು ನಂಬಿದ ಸೀಮೆ. ಜಯಮಂಗಲಿ ಹೆಸರಿಗೆ ನದಿ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಮರಳು. ಹೊಲದಲ್ಲಿ ರಾಗಿ, ಕಡಲೆಕಾಯಿ, ತೊಗರಿ, ಅವರೆ, ಹುರುಳಿ. ಮಳೆ ಕೈಕೊಟ್ಟ ವರ್ಷ ಮನೆಗೆ ನಗದು ತರುವುದು ಕೊಟ್ಟಿಗೆಯ ಸೀಮೆಹಸು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು ಹಿಡಿದು ಡೈರಿಗೆ ನಡೆಯಬೇಕು. ಹಾಲಿನ ಜಿಡ್ಡು ನೋಡಿ ಚೀಟಿ ಕೊಡುತ್ತಾರೆ. ಬಟವಾಡೆಯ ದಿನ ಕೈಗೆ ದುಡ್ಡು. ಆ ಮನೆಯ ಮಗಳ ಹೈಸ್ಕೂಲು, ಪಿಯುಸಿ, ಆಮೇಲೆ ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲು, ಎಲ್ಲವೂ ನಡೆದದ್ದು ಆ ಚೀಟಿಗಳ ಮೇಲೆ. 2013ರ ಆಗಸ್ಟಿನಲ್ಲಿ ಸರ್ಕಾರ ಕ್ಷೀರಭಾಗ್ಯ ಯೋಜನೆ ತಂದು ಶಾಲೆಯಲ್ಲಿ ಬಿಸಿಹಾಲು ಕೊಡತೊಡಗಿದಾಗ ಎಂಟನೇ ತರಗತಿಯಲ್ಲಿದ್ದ ಹುಡುಗಿ, ಲೋಟ ತೊಳೆದುಕೊಂಡು ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು.

ಎಂಜಿನಿಯರಿಂಗಿನ ಕೊನೆಯ ವರ್ಷ ಅವಳು ರಜೆಗೆ ಬಂದಾಗ ಹಸು ಗಂಡುಕರು ಹಾಕಿತ್ತು. ಮೂರನೇ ವಾರ ನೋಡಿದರೆ ಗೂಟದಲ್ಲಿ ಹಗ್ಗ ಮಾತ್ರ ಇತ್ತು. ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ “ಕೊಟ್ಟಾಯ್ತು” ಎಂದರು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಉಳುವುದಕ್ಕೆ ಟ್ರಾಕ್ಟರು ಬಂದಿದೆ. ಸೀಮೆಹಸುವಿನ ಹೋರಿಕರು ನೊಗಕ್ಕೂ ಒಗ್ಗುವುದಿಲ್ಲ, ಮೇವಿನ ಖರ್ಚಿಗೂ ಒಗ್ಗುವುದಿಲ್ಲ. ಮಗಳು ವಾದ ಮಾಡಲಿಲ್ಲ. ಸಂಜೆ ಕೊಟ್ಟ ಕಾಪಿಯನ್ನು ಪಕ್ಕಕ್ಕೆ ಸರಿಸಿದಳು. ಅಂದಿನಿಂದ ಹಾಲು ಮುಟ್ಟಲಿಲ್ಲ.

ತಾಯಿಗೆ ಇದು ಏಟಿನಂತೆ ಬಿತ್ತು. “ಆ ಹಾಲೇ ಕಣೆ ನಿನ್ನ ಓದ್ಸಿದ್ದು” ಎಂದರು. “ಅದು ಗೊತ್ತಿರೋದಕ್ಕೇ ಅಮ್ಮ” ಎಂದಳು ಮಗಳು. ಈ ಉತ್ತರ ತಾಯಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಮಗಳು ಹಬ್ಬಕ್ಕೆ ಊರಿಗೆ ಬಂದಾಗ ಎಲೆಯ ಮುಂದೆ ತುಪ್ಪದ ಮಿಳ್ಳೆ ಹಿಡಿದು ಬಗ್ಗುವುದು, ಅವಳು ಕೈ ಅಡ್ಡ ಹಿಡಿಯುವುದು, ಅಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋಗುವುದು. ನಾಲ್ಕು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಮಗಳು ಹಬ್ಬಕ್ಕೆ ಬರುವುದನ್ನು ಕಡಿಮೆ ಮಾಡಿದ್ದಳು.

ಒಂದು ಜನವರಿಯಲ್ಲಿ ತಾಯಿಯ ಕಣ್ಣಿಗೆ ಪೊರೆ ಬಂದಿದೆಯೆಂದು ತೋರಿಸಲು ಬೆಂಗಳೂರಿಗೆ ಬರಬೇಕಾಯಿತು. ಮೂರು ದಿನ ಮಗಳ ಪಿ.ಜಿ.ಯಲ್ಲೇ ವಾಸ. ಅಲ್ಲಿ ಅಡುಗೆ ಮಾಡಿಕೊಳ್ಳುವಂತಿಲ್ಲ. ಒಲೆ ಹಚ್ಚಿದರೆ ದಂಡ. ಆದ್ದರಿಂದ ಮೂರು ದಿನ, ಮೂರು ಹೊತ್ತು, ತಾಯಿ ಮಗಳು ಇಬ್ಬರಿಗೂ ಹೊಂದುವ ಊಟವನ್ನು ಹೋಟೆಲುಗಳಲ್ಲೇ ಹುಡುಕಬೇಕಾಯಿತು.

ಮೊದಲ ಬೆಳಿಗ್ಗೆ ಒಂದು ದರ್ಶಿನಿ. ಇಡ್ಲಿಯಲ್ಲಿ ಅಕ್ಕಿ, ಉದ್ದು, ಉಪ್ಪು ಬಿಟ್ಟರೆ ಇನ್ನೇನೂ ಇಲ್ಲ. ಈ ನಾಡಿನಲ್ಲಿ ಹಾಲಿಲ್ಲದ ತಿಂಡಿ ಹುಡುಕುವವರಿಗೆ ಇಡ್ಲಿಯಷ್ಟು ನಂಬಿಕೆಯ ನೆಂಟ ಸಿಗುವುದಿಲ್ಲ. ಅದರಲ್ಲೂ ತುಮಕೂರು ಸೀಮೆಯವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರು. ಆದರೆ ಸಪ್ಲೈಯರ್ ತಟ್ಟೆ ಇಡುವ ಮೊದಲೇ ಸೌಟಿನಲ್ಲಿ ತುಪ್ಪ ಸುರಿದಾಗಿತ್ತು. ಬೇಡವೆಂದಿದ್ದೆನಲ್ಲ ಎಂದು ಮಗಳು ಹೇಳಿದರೆ, “ಎಕ್ಸ್ಟ್ರಾ ಚಾರ್ಜ್ ಇಲ್ಲ ಮೇಡಂ” ಎಂದು ಆತ ಸಮಾಧಾನ ಹೇಳಿದ. ಪಾಪ, ಅವನದೂ ತಪ್ಪಲ್ಲ. ತುಪ್ಪ ಬೇಡ ಎನ್ನುವವರು ದುಡ್ಡಿಗೋ ಮೈಗೋ ಹೆದರಿ ಬೇಡ ಎನ್ನುತ್ತಾರೆ ಎಂದೇ ಅವನು ತಿಳಿದಿರುವುದು.

ಆಮೇಲೆ ಕಾಫಿಯ ಸರದಿ. ಮಗಳು ಹಾಲಿಲ್ಲದ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿಕೊಂಡು ಕುಡಿದಳು. ತಾಯಿ ಆ ಕಪ್ಪು ಲೋಟವನ್ನು ನೋಡಿ ಸುಮ್ಮನಾದರು. ಅವರು ಹುಡುಗಿಯಾಗಿದ್ದಾಗ ಮನೆಯಲ್ಲಿ ಹಸುವಿರಲಿಲ್ಲ. ಬೆಲ್ಲದ ಕಾಪಿ, ಹಾಲಿಲ್ಲ. ನೆಂಟರು ಬಂದರೆ ಲೋಟ ಹಿಡಿದು ಪಕ್ಕದ ಮನೆಗೆ ಓಡಿಸುತ್ತಿದ್ದರು. ಪಕ್ಕದ ಮನೆಯವರು ಇಲ್ಲ ಎಂದ ದಿನ ನೆಂಟರ ಮುಂದೆ ಕರೀ ಕಾಪಿ ಇಟ್ಟು ತಮ್ಮ ತಾಯಿ ತಲೆ ತಗ್ಗಿಸಿ ನಿಂತದ್ದು ಅವರಿಗೆ ಚೆನ್ನಾಗಿ ನೆನಪಿದೆ. “ಹಾಲಿಲ್ದೆ ಬೆಳೆದೋರು ನಾವು. ನಿಂಗೆ ಹಂಗಾಗ್ಬಾರ್ದು ಅಂತ ಹಸ ಕಟ್ಟಿದ್ದು” ಎಂದರು. ಮಗಳಿಗೆ ಈ ಕತೆ ಅದುವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿದರು. ಕಣ್ಣಗೊಂಬೆ ದೊಡ್ಡದಾಗಿ, ಮೆನು ಕಾರ್ಡಿನ ಅಕ್ಷರವೆಲ್ಲ ತಾಯಿಗೆ ಮಂಜು ಮಂಜು. ಆದರೆ ಮೂಗಿಗೆ ಹನಿ ಹಾಕಿರಲಿಲ್ಲ. ಊಟದ ಹೋಟೆಲಿನಲ್ಲಿ ಹತ್ತು ಬಟ್ಟಲು ಜೋಡಿಸಿದ ತಟ್ಟೆ ಬಂತು. ಮಗಳು ಮೊಸರು, ಮಜ್ಜಿಗೆಹುಳಿ, ಪಾಯಸ ಮೂರನ್ನೂ ಎತ್ತಿ ಅಮ್ಮನ ಕಡೆ ಇಟ್ಟು ಸಾರಿಗೆ ಕೈ ಹಾಕಿದಳು. ತಾಯಿ ಕಣ್ಣು ಮುಚ್ಚಿಕೊಂಡೇ, “ಸಾರಿಗೆ ತುಪ್ಪದ ಒಗ್ಗರಣೆ ಬಿದ್ದದೆ” ಎಂದರು. ಮಗಳು ಕೈ ಹಿಂದಕ್ಕೆಳೆದಳು. “ಪಲ್ಯ ಎಣ್ಣೇದು. ಅದನ್ನ ಉಣ್ಣು” ಎಂದರು. ನಲವತ್ತು ವರ್ಷ ಬೆಣ್ಣೆ ಕಾಸಿದ ಮೂಗದು; ತಪ್ಪುವ ಪ್ರಶ್ನೆಯೇ ಇರಲಿಲ್ಲ. ಮಗಳು ನಾಲ್ಕು ವರ್ಷದಿಂದ ಕೇಳಿ ಕೇಳಿ ತಿಳಿಯದಿದ್ದ ಸಂಗತಿಗಳನ್ನು ಅಮ್ಮ ಒಂದು ಉಸಿರಿನಲ್ಲಿ ಹೇಳುತ್ತಿದ್ದರು.

ಅಲ್ಲಿಂದ ಮುಂದೆ ಇದು ಇಬ್ಬರಿಗೂ ಒಂದು ಆಟವೇ ಆಯಿತು. ಅಡುಗೆ ಬಲ್ಲವರ ಕಣ್ಣಿನಿಂದ ನೋಡಿದರೆ ಬೆಂಗಳೂರಿನ ತಿಂಡಿಗಳು ಎರಡು ಪಂಗಡವಾಗುತ್ತವೆ. ಪುಳಿಯೋಗರೆಯಲ್ಲಿ ಹುಣಸೆ, ಎಳ್ಳು, ಕಡಲೆಕಾಯಿ, ಎಣ್ಣೆ, ಧೈರ್ಯವಾಗಿ ತಿನ್ನಬಹುದು. ಚಿತ್ರಾನ್ನ, ಉದ್ದಿನ ವಡೆ, ಪೂರಿ ಸಾಗು ಸಾಮಾನ್ಯವಾಗಿ ಸರಿ. ಅಕ್ಕಿರೊಟ್ಟಿಗೆ ಬೆಣ್ಣೆಯ ಮುದ್ದೆ ಇಡಬೇಡಿ ಎಂದು ಮೊದಲೇ ಹೇಳಬೇಕು. ಕೇಸರಿಬಾತಿನ ಜೀವವೇ ತುಪ್ಪ. ಬಿಸಿಬೇಳೆಬಾತನ್ನು ತುಪ್ಪವಿಲ್ಲದೆ ಬಡಿಸಲು ಅಡುಗೆಭಟ್ಟರಿಗೆ ನಾಚಿಕೆ. ರವೆ ಇಡ್ಲಿ ನೋಡಲು ಇಡ್ಲಿಯ ತಂಗಿಯಂತಿದ್ದರೂ ಒಳಗೆ ಮೊಸರಿದೆ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲಿನವರು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಕಂಡುಹಿಡಿದ ತಿಂಡಿ ಅದು. ಅಕ್ಕಿಯ ಅಭಾವ ತೀರಿದರೂ ಮೊಸರು ಅದರಲ್ಲಿ ಉಳಿದುಕೊಂಡಿತು. ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆಗೆ ಸಾಂಬಾರು ಕೊಡದೆ ಚಟ್ನಿಯೊಂದರಲ್ಲೇ ಹೆಸರು ಮಾಡಿದೆ. ಹಾಲು ಬಿಟ್ಟವರು ವಿಚಾರಿಸಬೇಕಾದ್ದು ಅಲ್ಲಿ ಒಂದು ಬಟ್ಟಲಿನ ವಿಷಯ ಮಾತ್ರ. ತಿಂಡಿಯ ಪಟ್ಟಿ ಚಿಕ್ಕದಿದ್ದಷ್ಟೂ ಕೇಳುವ ಕೆಲಸ ಚಿಕ್ಕದು.

ಇನ್ನೊಂದು ವಿಚಿತ್ರವಿದೆ. ಒಂದು ಕಾಲಕ್ಕೆ ತುಪ್ಪದ ಬದಲು ಡಾಲ್ಡಾ ಹಾಕುತ್ತಾರೆ ಎಂದರೆ ಹೋಟೆಲಿಗೆ ಅವಮಾನ. ಆ ವನಸ್ಪತಿ ಎಣ್ಣೆಯಿಂದ ಮಾಡಿದ್ದು, ಅದರಲ್ಲಿ ಹಸುವಿನ ಪಾಲಿಲ್ಲ. ಅಗ್ಗದ ಹೋಟೆಲಿನ ಪಾಪವೇ ಹಾಲು ಬಿಟ್ಟವರಿಗೆ ಪುಣ್ಯವಾಗಿತ್ತು. ಹೃದಯಕ್ಕೆ ಅದು ಒಳ್ಳೆಯದಲ್ಲವೆಂದು ತಿಳಿದು, 2022ರಿಂದ ಅಂಥ ಜಿಡ್ಡಿನಲ್ಲಿರುವ ಟ್ರಾನ್ಸ್ ಕೊಬ್ಬು ನೂರಕ್ಕೆ ಎರಡು ಪಾಲು ಮೀರಬಾರದೆಂದು ನಿಯಮ ಬಂದಿದೆ. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಪದಾರ್ಥಗಳ ಪೊಟ್ಟಣಕ್ಕೆ ಒಂದು ಗುರುತನ್ನೂ ತಂದಿತು: ಹಸಿರು ಚೌಕದೊಳಗೆ ‘ವಿ’ ಅಕ್ಷರ, ಮೇಲೊಂದು ಪುಟ್ಟ ಎಲೆ. ಹಳೆಯ ಹಸಿರು ಚುಕ್ಕೆಯನ್ನು ನಂಬಿದರೆ ಹಾಲಿನಪುಡಿಯೂ ಸಸ್ಯವೇ. ಪೊಟ್ಟಣಕ್ಕಾದರೆ ಗುರುತು ಹಚ್ಚಬಹುದು. ದರ್ಶಿನಿಯ ಒಗ್ಗರಣೆಗೆ ಹಚ್ಚುವುದು ಹೇಗೆ? ಅಲ್ಲಿ ಅಮ್ಮನ ಮೂಗೇ ಗತಿ.

ಎರಡನೆಯ ರಾತ್ರಿ ಮಗಳು ಅಮ್ಮನನ್ನು ಇಂದಿರಾನಗರದ ಕಡೆ, ಹಾಲೇ ಬಳಸದ ಒಂದು ಹೋಟೆಲಿಗೆ ಕರೆದುಕೊಂಡು ಹೋದಳು. ಮೆತ್ತನೆ ಕುರ್ಚಿ, ಕುಂಡದಲ್ಲಿ ಗಿಡ. ಓಟ್ಸಿನ ಹಾಲಿನ ಕಾಫಿಗೆ ಇನ್ನೂರ ಅರವತ್ತು ರೂಪಾಯಿ. ತಾಯಿ ಬಾಯಲ್ಲೇ ಲೆಕ್ಕ ಹಾಕಿ, “ಏಳು ಲೀಟ್ರು ಹಾಲಿನ ದುಡ್ಡು. ಅಷ್ಟು ಕರಿಯೋಕೆ ಹಸ ಎಷ್ಟು ಹುಲ್ಲು ತಿನ್ಬೇಕು!” ಎಂದರು. ಬಟ್ಟಲಿನಲ್ಲಿ ಬಂದ ರಾಗಿ ಅವರಿಗೆ ಗುರುತು ಸಿಗಲಿಲ್ಲ. ಅದರ ಮೇಲೆ ಹಸಿ ಎಲೆಗಳೂ ಬೀಜಗಳೂ ಕುಳಿತಿದ್ದವು. ಊಟ ಅವರಿಗೆ ಹಿಡಿಸಲಿಲ್ಲ. ಆದರೆ ಅಲ್ಲಿನ ಹುಡುಗ ಬಂದವನೇ, ನಿಮಗೆ ಆಗದ ಪದಾರ್ಥ ಯಾವುದಾದರೂ ಇದೆಯೇ ಎಂದು ಕೇಳಿದ್ದನ್ನು ಅವರು ಗಮನಿಸಿದರು. “ಹಿಂಗೆ ಕೇಳಿದ್ದು ಇವನೊಬ್ಬನೇ ನೋಡು” ಎಂದರು. ಜೇನೂ ಬಿಡಬೇಕಂತೆ ಎಂದು ಮಗಳು ಹೇಳಿದಾಗ, “ಹಂಗಾರೆ ಮಧುಗಿರಿ ಅನ್ನೋ ಹೆಸ್ರೂ ಹೇಳ್ಬಾರ್ದಾ?” ಎಂದು ನಕ್ಕರು. ನಾಲ್ಕು ವರ್ಷಗಳಲ್ಲಿ ಊಟದ ಮುಂದೆ ಕುಳಿತು ತಾಯಿ ಮಗಳು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ರಾತ್ರಿ ಮಲಗಿದ ಮೇಲೆ ತಾಯಿ ತಮ್ಮ ಬಾಲ್ಯದ ಊಟವನ್ನು ಒಂದೊಂದಾಗಿ ಎಣಿಸಿದರು. ರಾಗಿಮುದ್ದೆ. ಹುರುಳಿಕಾಳು ಬಸಿದ ಸಾರು. ಉಪ್ಸಾರು, ಅದಕ್ಕೆ ಹಸಿಮೆಣಸಿನ ಖಾರ. ಹೊಲದ ಬದುವಿನಲ್ಲಿ ಕಿತ್ತ ಸೊಪ್ಪಿನ ಮಸ್ಸೊಪ್ಪು. ಹುಚ್ಚೆಳ್ಳಿನ ಪುಡಿ. ಹುರಿದ ಕಡಲೆಕಾಯಿ ಚಟ್ನಿ. ಒಂದರಲ್ಲೂ ಹಾಲಿನ ಹನಿಯಿಲ್ಲ, ತುಪ್ಪದ ವಾಸನೆಯಿಲ್ಲ. ಮಗಳು ದುಡ್ಡು ಕೊಟ್ಟು ಊರೆಲ್ಲ ಹುಡುಕುತ್ತಿರುವ ಊಟ ಇದೇ ಅಲ್ಲವೇ ಎಂದು ಅವರಿಗೆ ಅನ್ನಿಸಿತು. ಆದರೂ ಎರಡೂ ಒಂದೇ ಅಲ್ಲ. ಅಂದು ಹಾಲು ಬೇಡವೆಂದು ಬಿಟ್ಟಿರಲಿಲ್ಲ; ಇರಲಿಲ್ಲ, ಅಷ್ಟೆ. ಇಲ್ಲದ್ದನ್ನು ಉಂಡವರಿಗೆ ತುಪ್ಪವೆಂದರೆ ಮರ್ಯಾದೆ. ನೆಂಟನ ಎಲೆಗೆ, ಅಳಿಯನ ಎಲೆಗೆ, ಬಸುರಿ ಹೆಂಗಸಿನ ಅನ್ನಕ್ಕೆ ಅದನ್ನು ಹಾಕುವುದು ‘ನೀನು ಬೇಕಾದವಳು’ ಎಂದು ಹೇಳುವ ರೀತಿ. ಮಿಳ್ಳೆಗೆ ಕೈ ಅಡ್ಡ ಹಿಡಿದರೆ ಆ ಮಾತನ್ನೇ ತಳ್ಳಿದಂತೆ ತಾಯಿಗೆ ಕಂಡಿತ್ತು. ದರ್ಶಿನಿಯವನು ಕೇಳದೆ ತುಪ್ಪ ಸುರಿದದ್ದೂ ಅದೇ ಹಳೆಯ ಮರ್ಯಾದೆಯ ಬಾಕಿ.

ವಿಪರ್ಯಾಸವೆಂದರೆ ಈ ಹಾಲಿಲ್ಲದ ಹೊಲದ ಊಟಕ್ಕೆ ಬೆಂಗಳೂರಿನ ಹೋಟೆಲುಗಳಲ್ಲಿ ಸರಿಯಾದ ಜಾಗವಿಲ್ಲ. ಮುದ್ದೆ ಹುಡುಕಿ ಹೋದರೆ ಸಿಗುವುದು ಮಿಲಿಟರಿ ಹೋಟೆಲು. ಅಲ್ಲಿ ಮುದ್ದೆಗೆ ಮಾಂಸದ ಸಾರು. ಮಾಂಸ ಬೇಡವೆಂದು ಸಸ್ಯಾಹಾರಿ ಹೋಟೆಲಿಗೆ ಹೋದರೆ ಅಲ್ಲಿ ಹಾಲು, ಮೊಸರು, ತುಪ್ಪ. ಉತ್ತರ ಕರ್ನಾಟಕದ ಖಾನಾವಳಿಗಳು ಇದ್ದುದರಲ್ಲಿ ವಾಸಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ. ಮೊಸರು ಬೇರೆ ಬಟ್ಟಲಲ್ಲಿ ಬರುವುದರಿಂದ ಸರಿಸಿಡಬಹುದು. ಜನವರಿಯಾದರೆ ಅವರೆಕಾಯಿ ಇದೆ. ವಿ.ವಿ. ಪುರದ ಸಜ್ಜನರಾವ್ ವೃತ್ತದ ಬಳಿ ಹುಟ್ಟಿ ಬೆಳೆದ ಅವರೆಬೇಳೆ ಮೇಳದ ಹೆಸರು ಕೇಳದವರಿಲ್ಲ. ಹಿತಕಿದ ಬೇಳೆಯ ಸಾರಿಗೆ ತೆಂಗಿನಕಾಯಿ, ಮಸಾಲೆ ಸಾಕು, ಹಾಲಿನ ಹಂಗಿಲ್ಲ. ಇನ್ನು ಗಾಡಿಗಳಲ್ಲಿ ಸಿಗುವ ಗೋಬಿ ಮಂಚೂರಿಯಲ್ಲೂ ಹಾಲಿನ ಗೊಡವೆಯಿಲ್ಲ, ಆದರೆ ಅದನ್ನು ಊಟವೆನ್ನಲು ತಾಯಿ ಒಪ್ಪಲಿಲ್ಲ.

ಮೂರನೆಯ ಮಧ್ಯಾಹ್ನ, ಆಸ್ಪತ್ರೆಯ ಹಿಂದಿನ ಅಡ್ಡರಸ್ತೆಯಲ್ಲಿ ಆರು ಮೇಜಿನ ಒಂದು ಪುಟ್ಟ ಊಟದ ಮನೆ ಸಿಕ್ಕಿತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಇಷ್ಟೆ: ಮುದ್ದೆ, ಅವರೆಕಾಳು ಸಾರು, ಸೊಪ್ಪಿನ ಪಲ್ಯ, ಅನ್ನ, ಶಾವಿಗೆ. ಬಾಗಿಲಲ್ಲಿ ನಿಂತು ತಾಯಿ ಒಮ್ಮೆ ಮೂಗರಳಿಸಿ ಒಳಗೆ ಹೋದರು. ಮಗಳು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು: “ನಮ್ಮುಡುಗಿ ಹಾಲು ತುಪ್ಪ ಮುಟ್ಟಲ್ಲ ಕಣಮ್ಮ. ಏನೇನಕ್ಕೆ ಹಾಕಿದ್ದೀರಿ, ಹೇಳ್ಬಿಡಿ.”

ಬಡಿಸುವ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, “ಒಗ್ಗರಣೆಯೆಲ್ಲ ಕಡ್ಲೆಕಾಯಿ ಎಣ್ಣೇದಮ್ಮ. ತುಪ್ಪ ಬೇರೆ ಬಟ್ಟಲಲ್ಲಿಟ್ಟಿದ್ದೀನಿ, ಕೇಳ್ದೋರಿಗೆ ಮಾತ್ರ” ಎಂದರು. ಯಾಕೆ ಎಂದು ಕೇಳಲಿಲ್ಲ. ಮೈಗೆ ಆಗಲ್ವಾ, ವ್ರತವಾ, ಡಯಟ್ಟಾ ಎಂದೂ ಕೇಳಲಿಲ್ಲ. ಹಾಲಿಲ್ಲದ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರಿಗೆ ಹೋಟೆಲಿನ ಹೆಸರಿಗಿಂತ ಇದು ಹೆಚ್ಚಿನ ಗುರುತು. ತುಪ್ಪವನ್ನು ಬೇರೆ ಬಟ್ಟಲಲ್ಲಿಟ್ಟು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳುವ ಅಡುಗೆಮನೆ ಸಿಕ್ಕರೆ ಅಲ್ಲಿ ಕೂರಬಹುದು. ಬೇಕಾದವರೂ ಬೇಡವಾದವರೂ ಒಂದೇ ಮೇಜಿನಲ್ಲಿ ಉಣ್ಣಬಹುದು.

ಮುದ್ದೆ ಬಂತು, ಬಿಸಿ ಆಡುತ್ತಿತ್ತು. ಸಾರಿನಲ್ಲಿ ಅವರೆಯ ಸೊಗಡು. ತಾಯಿ ತಮ್ಮ ಮುದ್ದೆಗೆ ತುಪ್ಪ ಹಾಕಿಸಿಕೊಂಡರು; ಮಗಳು ಹಾಕಿಸಿಕೊಳ್ಳಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಒತ್ತುಶಾವಿಗೆ, ಪಕ್ಕದಲ್ಲಿ ಚೊಂಬಿನ ತುಂಬ ಬೆಳ್ಳಗಿರುವುದು. ಮಗಳು ಅಭ್ಯಾಸದಂತೆ ಕೈ ಅಡ್ಡ ಹಿಡಿದಳು. ತಾಯಿ ಚೊಂಬನ್ನು ಮೂಗಿನ ಹತ್ತಿರ ಹಿಡಿದು ಒಂದು ಗಳಿಗೆ ಸುಮ್ಮನಿದ್ದು, “ಕೈ ತೆಗೆಯೆ. ಇದು ಕಾಯಾಲು” ಎಂದರು.

ತೆಂಗಿನಕಾಯಿ ರುಬ್ಬಿ ಹಿಂಡಿ, ಬೆಲ್ಲ ಏಲಕ್ಕಿ ಹಾಕಿದ ಹಾಲು. ತುಮಕೂರು ಸೀಮೆಯ ಮನೆಗಳಲ್ಲಿ ಶಾವಿಗೆ, ಒಬ್ಬಟ್ಟು ಮಾಡಿದ ದಿನ ಇದು ಇದ್ದೇ ಇರುತ್ತದೆ. ಗಿಡಮೂಲದ ಪಾನೀಯಗಳಿಗೆ ಹಾಲೆನ್ನಬಹುದೇ ಕೂಡದೇ ಎಂದು ದೊಡ್ಡವರು ದೆಹಲಿಯಲ್ಲಿ ಚರ್ಚಿಸಿದ್ದಾರೆ. ಈ ಸೀಮೆಯ ಹೆಂಗಸರು ಅದನ್ನು ಎಂದಿನಿಂದಲೂ ಕಾಯಿಹಾಲು ಎಂದೇ ಕರೆದು ಬಡಿಸಿದ್ದಾರೆ. ತಾಯಿ ಚೊಂಬು ಬಗ್ಗಿಸಿ ಮಗಳ ಶಾವಿಗೆ ಮುಳುಗುವಷ್ಟು ಸುರಿದರು. ಸಾಕು ಅಮ್ಮ, ಸಾಕು ಎಂದರೂ ನಿಲ್ಲಿಸಲಿಲ್ಲ. ಹಬ್ಬದ ದಿನ ತುಪ್ಪ ಸುರಿಯಲು ಬಗ್ಗುತ್ತಿದ್ದ ಹಾಗೆಯೇ ಬಗ್ಗಿದ್ದರು.

ಸಂಜೆಯ ಬಸ್ಸಿಗೆ ಅವರು ಹೊರಟುಹೋದರು. ಡೈರಿಗೆ ಹಾಲು ಹಾಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮನೆ ನಡೆಯುವುದಿಲ್ಲ ಎಂಬುದು ಮಗಳಿಗೂ ಗೊತ್ತು. ಮಗಳು ಹಾಲು ಕುಡಿಯಲಿಲ್ಲ. ಗಂಡುಕರುವಿನ ಮಾತು ಇಬ್ಬರ ನಡುವೆ ಹಾಗೇ ಉಳಿದಿದೆ. ಯುಗಾದಿಗೆ ಒಂದು ವಾರವಿರುವಾಗ ಊರಿನಿಂದ ಫೋನು ಬಂತು. “ಕಣಕಕ್ಕೆ ಎಣ್ಣೆ ಹಾಕಿ ಕಲಸ್ತೀನಿ. ನಿನ್ನ ಒಬ್ಬಟ್ಟನ್ನೇ ಮೊದಲು ಬೇಯಿಸಿ ಎತ್ತಿಡ್ತೀನಿ, ಆಮೇಲೆ ನಿಮ್ಮಪ್ಪನದಕ್ಕೆ ತುಪ್ಪ. ಎರಡು ಕಾಯಿ ಹೆಚ್ಚಿಗೆ ಸುಲಿಸಿದ್ದೀನಿ. ಬರ್ತೀಯೋ ಇಲ್ವೋ, ಈಗ್ಲೇ ಹೇಳು.”

ಮಗಳು ಅಂದೇ ಬಸ್ಸಿನ ಟಿಕೆಟ್ಟು ಕಾದಿರಿಸಿದಳು.